ಗಿರಣಿ ಅಕ್ಕಿ

ಶೇಷಪ್ಪ ಭತ್ತದ ಮೂಟೆಯನ್ನು ಗಾಡಿಗೆ ಎತ್ತಿ ಹಾಕುತ್ತಿದ್ದಾಗ ಅವನ ತಂಗಿ ಹಾಲಮ್ಮ ಅಂಗಳಕ್ಕೆ ಬಂದಳು. ಅವ್ವ ಗುತ್ಯಮ್ಮ ತೀರಿಕೊಂಡ ಸುದ್ದಿ ತಿಳಿದು ನಗರದ ಕಡೆಯ ಗಂಡನ ಮನೆಯಿಂದ ಬೆಳಗಿನ ಬಸ್ಸಿಗೇ ಹೊರಟಿದ್ದಳು. ಗುತ್ಯಮ್ಮನನ್ನು ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ಹಾಲಮ್ಮ ಅವಳ ಕಾಲ ಬಳಿ ಕೂತು ಅತ್ತಳು. ಅತ್ತು ಮುಗಿದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಾಗ ಗಾಡಿ ಕಣ್ಣಿಗೆ ಬಿತ್ತು.

“ಅಣ್ಣ, ಗಾಡಿ ಎಲ್ಲಿಗೆ?”

“ಕೋಣಂದೂರು ಗಿರಣಿಗೆ. ಮಣ್ಣಿಗೆ ಬಂದೋರಿಗೆ ಅನ್ನ ಆಗ್ಬೇಕಲ್ಲ. ಮನೇಲಿ ಕುಟ್ಟಿದ ಅಕ್ಕಿ ಇಲ್ಲ.”

“ಅಪ್ಪಯ್ಯ ಏನಂದ್ರು?”

“ಅವರೇ ಹೇಳಿದ್ದು.”

ಹಾಲಮ್ಮ ಗಾಡಿ ಗದ್ದೆಯ ಅಂಚು ಹಿಡಿದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.

*

ಗುತ್ಯಮ್ಮ ಆ ಮನೆಗೆ ಮದುವೆಯಾಗಿ ಬಂದಂದಿನಿಂದ ಕುಟ್ಟಿದವಳು. ನಸುಕಿನಲ್ಲೇ ಎದ್ದು ಒರಳ ಮುಂದೆ ನಿಂತರೆ ಬಿಸಿಲು ಅಂಗಳಕ್ಕೆ ಇಳಿಯುವವರೆಗೂ ಒನಕೆ ಬಿಡುವಂತಿರಲಿಲ್ಲ. ಆಮೇಲೆ ಕೇರಬೇಕು, ನುಚ್ಚು ಬೇರೆ ಮಾಡಬೇಕು, ತೌಡನ್ನು ಎಮ್ಮೆಗೆ ತೆಗೆದಿಡಬೇಕು. ಇಡಿ ಅಕ್ಕಿ ಗಂಡಸರ ಅನ್ನಕ್ಕೆ, ನುಚ್ಚು ಹೆಂಗಸರ ಗಂಜಿಗೆ.

ಹಾಲಮ್ಮನನ್ನು ಹೆತ್ತು ಬಾಣಂತನ ಮುಗಿಯುವ ಮೊದಲೇ ನಾಟಿ ಬಂದಿತ್ತು. ಗದ್ದೆಗಿಳಿದವರಿಗೆ ಅನ್ನವಾಗಬೇಕು, ಒನಕೆ ಹಿಡಿದಳು. ಅಂದಿನಿಂದ ಗರ್ಭ ಕೆಳಗೆ ಜಾರತೊಡಗಿತು. ಹಳೇ ಸೀರೆ ಹರಿದು ಬಿಗಿಯಾಗಿ ಕಚ್ಚೆ ಕಟ್ಟಿಕೊಂಡು ಒಲೆ, ಕೊಟ್ಟಿಗೆ, ಗದ್ದೆ ಎಲ್ಲವನ್ನೂ ಮಾಡಿದಳು. ಕುಟ್ಟಬೇಡ, ಭಾರ ಎತ್ತಬೇಡ ಎಂದು ಸೂಲಗಿತ್ತಿ ಹೇಳಿದ್ದಳು. ಅದನ್ನು ಗಂಡನ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹಾಲಮ್ಮ ಹೆರಿಗೆಗೆಂದು ತವರಿಗೆ ಬಂದಾಗ, ನೀನಾದರೂ ಹುಷಾರಾಗಿರು ಎಂದು ಮಗಳಿಗೆ ಮಾತ್ರ ಹೇಳಿಕೊಂಡಳು.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ, ಊರಿನ ಭತ್ತವೆಲ್ಲ ಕೋಣಂದೂರಿನ ಗಿರಣಿಗೆ ಹೋಗುತ್ತದೆ, ನಾವೂ ಕಳಿಸೋಣ ಎಂದು ಗಂಡನನ್ನು ಕೇಳಿದಳು. ಬೆಳ್ಳಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಮತ್ತೆ ಮತ್ತೆ ಕೇಳಿ ಸಾಕಾಗಿ, ಅವನು ತೀರ್ಥಹಳ್ಳಿಗೆ ಹೋಗಿದ್ದ ದಿನ ಸೊಸೆ ಕನ್ನಮ್ಮನ ಜೊತೆ ಬುಟ್ಟಿಯಲ್ಲಿ ಭತ್ತ ಹೊತ್ತು ನಡೆದೇ ಹೋಗಿ ಅಕ್ಕಿ ಮಾಡಿಸಿಕೊಂಡು ಬಂದಳು. ಬರುವಾಗ ದಾರಿಯುದ್ದಕ್ಕೂ ಅತ್ತೆ ನಗುತ್ತಲೇ ಇದ್ದಳು ಎಂದು ಕನ್ನಮ್ಮ ಆಮೇಲೂ ಹೇಳುವುದಿತ್ತು. ಸಂಜೆ ಆ ಅಕ್ಕಿಯ ಅನ್ನಕ್ಕೆ ಕೆಸುವಿನ ಸೊಪ್ಪಿನ ಸಾರು ಮಾಡಿ ಬಡಿಸಿದರು. ಬೆಳ್ಳಪ್ಪ ಒಂದು ತುತ್ತು ತಿಂದು ತಟ್ಟೆ ಸರಿಸಿದ.

“ಸಪ್ಪೆ. ತೌಡೆಲ್ಲ ಗಿರಣಿಯವನಿಗೆ ಬಿಟ್ಟು ಬಂದ್ರೆ ಎಮ್ಮೆಗೆ ಏನ್ ಹಾಕ್ತೀಯ? ನಿಂಗೆ ಕೈಯಿಲ್ವಾ?”

ತಟ್ಟೆಯಲ್ಲಿದ್ದದ್ದನ್ನು ಎಮ್ಮೆಯ ಬಾನಿಗೆ ಹಾಕಿಸಿದ. ಗುತ್ಯಮ್ಮ ಉಳಿದ ಅಕ್ಕಿಯನ್ನು ತನ್ನ ಗಂಜಿಗೆಂದು ಎತ್ತಿಟ್ಟು, ಮರುದಿನ ಮತ್ತೆ ಒರಳ ಮುಂದೆ ನಿಂತಳು.

ಈ ವರ್ಷ ಭೂಮಿ ಹುಣ್ಣಿಮೆಯ ಕಡುಬಿಗೆ ಅಕ್ಕಿ ಕುಟ್ಟುತ್ತಿದ್ದಾಗ ರಕ್ತ ಹೋಗಲು ಶುರುವಾಯಿತು. ಕನ್ನಮ್ಮ ಬಾಣಂತಿ, ಕುಟ್ಟಲು ಬೇರೆ ಯಾರೂ ಇರಲಿಲ್ಲ. ಹಬ್ಬ ಮುಗಿಸಿ ಮಲಗಿದವಳಿಗೆ ಜ್ವರ ಏರಿತು. ಗಂಡಸರು ಬರೀ ಜ್ವರ ಎಂದುಕೊಂಡರು. ಆಸ್ಪತ್ರೆಗೆ ಒಯ್ಯಲು ಗಾಡಿ ಕಟ್ಟುವ ಮಾತು ನಡೆಯುತ್ತಿರುವಾಗಲೇ ಜೀವ ಹೋಯಿತು.

*

ಮಧ್ಯಾಹ್ನ ಮೇಲಿನ ಹಕ್ಕಲು ಜಮೀನಿನಲ್ಲಿ ಮಣ್ಣು ಮಾಡಿ, ಸ್ನಾನ ಮುಗಿಸಿ ಬಂದವರು ನೆರೆಮನೆಯ ಅಂಗಳದಲ್ಲಿ ಊಟಕ್ಕೆ ಕೂತರು. ಬಡಿಸುವವರು ಸಾಲದೆ ಹಾಲಮ್ಮನೂ ಅನ್ನದ ಬುಟ್ಟಿ ಎತ್ತಿಕೊಂಡಳು. ದೂರದ ನೆಂಟ ದುಗ್ಗಪ್ಪ, ಅಕ್ಕಿ ಚೆನ್ನಾಗಿದೆ, ಎಲ್ಲಿಯದು ಎಂದು ವಿಚಾರಿಸಿದ.

“ಗಿರಣಿದು,” ಎಂದ ಬೆಳ್ಳಪ್ಪ. “ಇಷ್ಟು ಜನಕ್ಕೆ ಕುಟ್ಟಕ್ಕೆ ಆಗ್ತದಾ?”

ಮತ್ತೆ ಅನ್ನ ಹಾಕೆಂದು ಎಲೆ ತೋರಿಸಿದ. ಹಾಲಮ್ಮ ಹಾಕಿದಳು. ಅರ್ಧ ಅನ್ನ ಎಲೆಯಾಚೆ ಬಿತ್ತು.

ಸಂಜೆ, ನೆಂಟರು ಹೊರಟ ಮೇಲೆ, ಬೆಳ್ಳಪ್ಪನ ಅಕ್ಕ ದುರ್ಗಮ್ಮ ಮೂರನೇ ದಿನದ ಎಡೆಯ ಮಾತೆತ್ತಿದಳು. ಸತ್ತವರ ಎಡೆಗೆ ಗಿರಣಿ ಅಕ್ಕಿ ಆಗದು, ಮನೆಯಲ್ಲೇ ಕುಟ್ಟಬೇಕು, ಕನ್ನಮ್ಮ ಮಗು ಮಲಗಿಸಿ ಒಂದಿಷ್ಟು ಕುಟ್ಟಿಡಲಿ ಎಂದಳು. ಕನ್ನಮ್ಮ ಮಗುವನ್ನು ಚಾಪೆಗಿಳಿಸಿ ಏಳಹೊರಟಳು. ಹಾಲಮ್ಮ ಅವಳ ತೋಳು ಹಿಡಿದು ಕೂರಿಸಿದಳು.

“ಅತ್ತಿಗೆ ಕುಟ್ಟಲ್ಲ.”

“ಮತ್ಯಾರು? ನೀನು ಕುಟ್ತೀಯಾ?” ದುರ್ಗಮ್ಮ ಕೇಳಿದಳು.

“ನಾನೂ ಕುಟ್ಟಲ್ಲ. ಬಾಣಂತನದಲ್ಲಿ ಕುಟ್ಟಿಯೇ ಅವ್ವಂಗೆ ಗರ್ಭ ಜಾರಿದ್ದು. ಇಷ್ಟು ವರ್ಷ ಕಚ್ಚೆ ಬಿಗಿದ್ಕಂಡು ಕುಟ್ಟಿದ್ಲು. ಗಿರಣಿಗೆ ಕಳ್ಸಿ ಅಂದಿದ್ದು ಅದಕ್ಕೆ, ಅಪ್ಪಯ್ಯ, ಸೋಮಾರಿತನಕ್ಕಲ್ಲ.”

ಗಂಡಸರ ಮುಂದೆ ಆಡುವ ಮಾತಲ್ಲ ಅದು. ಶೇಷಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದ. ಇದೆಲ್ಲ ಯಾವ ಹೆಂಗಸಿಗಿಲ್ಲ ಎಂದು ದುರ್ಗಮ್ಮ ಗೊಣಗಿದಳು.

“ನಂಗೆ ಹೇಳ್ಬೇಕಿತ್ತು ಅವಳು,” ಅಂದ ಬೆಳ್ಳಪ್ಪ.

“ಹೇಳಕ್ಕೆ ಆಗೋದನ್ನ ಅತ್ತೆ ಹೇಳಿದ್ರು,” ಎಂದಳು ಕನ್ನಮ್ಮ. ಮಾವನ ಎದುರು ಅವಳು ಹೀಗೆ ಮಾತಾಡಿದ್ದು ಅದೇ ಮೊದಲು. “ನೀವು ಅನ್ನ ಎಮ್ಮೆಗೆ ಹಾಕ್ಸಿದ್ರಿ.”

ಬೆಳ್ಳಪ್ಪ ಎದ್ದ. ಒಳಗೆ ಹೋಗಿ ಮೊರದಲ್ಲಿ ಭತ್ತ ತಂದು ಒರಳಿಗೆ ಸುರಿದು ಒನಕೆ ಎತ್ತಿದ. ಬೇಡ ಮಾರಾಯ, ಇದು ಗಂಡಸರ ಕೆಲಸವಲ್ಲ ಎಂದು ದುರ್ಗಮ್ಮ ಅಂದದ್ದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಗದ್ದೆಯಲ್ಲಿ ಗುದ್ದಲಿ ಹಾಕುವ ಹಾಗೆ ಬಲವಾಗಿ ಹಾಕಿದ. ಪೆಟ್ಟು ಒರಳ ಅಂಚಿಗೆ ಬಿದ್ದು ಭತ್ತ ಚಿಮ್ಮಿತು. ಇನ್ನೊಂದು ಪೆಟ್ಟು, ಮತ್ತೊಂದು. ಒರಳಲ್ಲಿ ಉಳಿದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚಾಯಿತು. ಗೂಡಿಗೆ ಹೊರಟಿದ್ದ ಕೋಳಿಗಳು ತಿರುಗಿ ಬಂದು ಅವನ ಕಾಲ ಸುತ್ತ ಕಾಳು ಹೆಕ್ಕತೊಡಗಿದವು. ಜಗುಲಿಯಲ್ಲಿ ಕೂತಿದ್ದ ಹೆಂಗಸರಲ್ಲಿ ಯಾರೂ ಅವನ್ನು ಓಡಿಸಲು ಏಳಲಿಲ್ಲ.