ಬಜಿ ಅಂದರೆ ಭಜಿ

ನನ್ನ ನಾಲಿಗೆ ಉದ್ದ ಅಂತ ಕಾಗವಾಡದಲ್ಲಿ ಎಲ್ಲರಿಗೂ ಗೊತ್ತು. ತವರೂರು ಸತ್ತಿಯಿಂದ ಈ ಮನೆಗೆ ಹಿರಿಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ರುಕ್ಮವ್ವ ಕೇಳಿದ್ದಳು, "ಚನ್ನವ್ವಾ, ಸಣ್ಣಾಕಿದ್ದಾಗ ನಿಮ್ಮವ್ವ ನಿನಗ ಬಜಿ ಬಾಳ ನೆಕ್ಕಿಸ್ಯಾಳೇನ?" ಬಜಿ ಅಂದರೆ ಬಜೆ ಬೇರು. ಅದನ್ನು ತೇಯ್ದು ಕೂಸಿನ ನಾಲಿಗೆಗೆ ಹಚ್ಚಿದರೆ ಮಾತು ಬೇಗ ಬರುತ್ತದೆ, ತೊದಲು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಾನೂ ಬಿಡಲಿಲ್ಲ. "ಹೌದ್ರಿ ಅತ್ತಿ, ಉಳಿದದ್ದು ನಿಮಗ ಕಳಿಸ್ಯಾರಂತ" ಅಂದೆ. ಅವಳು ನಕ್ಕಳು. ಅಂದಿನಿಂದ ನಮ್ಮಿಬ್ಬರಿಗೂ ಕೂಡಿತು.

ಅತ್ತೆಗೆ ಆ ಬೇರಿನ ಮೇಲೆ ದೇವರಷ್ಟೇ ಭಕ್ತಿ. ದ್ರಾಕ್ಷಿ ತೋಟದಲ್ಲಿ ಬಾವಿ ನೀರು ಹರಿದು ನಿಲ್ಲುವ ಕೆಸರು ಜಾಗ ಅವಳದು, ಬಜಿ ಬೆಳೆಯುವುದು ಅಲ್ಲೇ. ಮೇಲೆ ನೋಡಿದರೆ ಬರೀ ಹುಲ್ಲು. ಕಿತ್ತು ಮೂಸಿದರೆ ಆ ಘಾಟು ಸಂಜೆತನಕ ಮೂಗು ಬಿಡುವುದಿಲ್ಲ. ಬೇರನ್ನು ನೆರಳಲ್ಲಿ ಒಣಗಿಸಿ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಕೂಸಿಗೆ ಹೊಟ್ಟೆ ಉಬ್ಬಿದರೆ ಹೊಕ್ಕುಳ ಸುತ್ತ ಅದರ ಗಂಧ, ಎರೆದ ಮೇಲೆ ಶೀತವಾಗದಿರಲಿ ಅಂತ ನೆತ್ತಿಗೆ ಅದರ ಪುಡಿ, ದೃಷ್ಟಿಗೆ ಮುಂಗೈಯಲ್ಲಿ ಅದರದೇ ತುಂಡು. ಭಜನೆಯ ವಿರುಪಾಕ್ಷಪ್ಪನಿಗೆ ದನಿ ಕಟ್ಟಿದರೆ ಚೂರು ಬೇರು ಕೇಳಿಕೊಂಡು ನಮ್ಮ ಬಾಗಿಲಿಗೇ ಬರುತ್ತಿದ್ದ. ನನ್ನ ಸೀರೆಯ ಟ್ರಂಕಿನಲ್ಲೂ ಒಂದು ತುಂಡು ಇತ್ತು, ನುಸಿ ಹತ್ತಬಾರದೆಂದು. ಆದರೆ ಕೂಸಿನ ನಾಲಿಗೆಗೆ ಹಚ್ಚುವಾಗ ಅತ್ತೆ ಬಲು ಕಟ್ಟುನಿಟ್ಟು. "ದೀಪದಾಗ ಸುಟ್ಟು ಸಾಣಿಕಲ್ಲಿನ ಮ್ಯಾಲ ಎರಡ ಸುತ್ತ ತೇಯಬೇಕ. ಹೆಚ್ಚಿಗಿ ಆತಂದ್ರ ಕೂಸು ವಾಂತಿ ಮಾಡಕೋತೈತಿ" ಅನ್ನುತ್ತಿದ್ದಳು.

ಎಂಬತ್ತಾರರಲ್ಲಿ ನನ್ನ ಮೈದುನ ಗುರಪ್ಪನ ಹೆಂಡತಿ ಸುಂದರಾ ಮೂರು ತಿಂಗಳ ಹೆಣ್ಣುಕೂಸು ಎತ್ತಿಕೊಂಡು ತವರಿನಿಂದ ಬಂದಳು. ಮದುವೆಯಾದ ಮೇಲೆ ಅವಳು ನಮ್ಮಲ್ಲಿ ಇದ್ದದ್ದೇ ಕಡಿಮೆ. ತವರು ಮಿರಜಿನ ಆಚೆಯ ಹಳ್ಳಿ, ಮನೆಮಾತು ಮರಾಠಿ. ಆದರೂ ಬಾಯಿ ಮುಚ್ಚಿ ಕೂರುವವಳಲ್ಲ. ಅರ್ಧ ಮರಾಠಿ, ಕಾಲು ಕನ್ನಡ, ಉಳಿದದ್ದಕ್ಕೆ ಕೈಸನ್ನೆ. ದಿನವಿಡೀ ವಟವಟ ಅನ್ನುತ್ತಿದ್ದಳು. ನನಗೆ ಜೋಡಿ ಸಿಕ್ಕಳು ಅಂದುಕೊಂಡಿದ್ದೆ.

ಬಂದ ಮರುದಿನ ಅತ್ತೆ ಬಚ್ಚಲಲ್ಲಿ ಕೂಸಿಗೆ ಎರೆಯುತ್ತ ಕೂಗಿದಳು, "ಸುಂದರಾ, ಕೂಸಿಗೆ ಬಜಿ ತಯಾರ ಮಾಡ!" ಸುಂದರಾ ಹೂಂ ಅಂದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕಾದ ಎಣ್ಣೆಯ ವಾಸನೆ ಬಂತು. ಅತ್ತೆ ಕೂಸನ್ನು ಒರೆಸಿ ಕೌದಿಯ ಮೇಲೆ ಮಲಗಿಸುವುದಕ್ಕೂ, ಸುಂದರಾ ತಾಟಿನ ತುಂಬ ಬಿಸಿಬಿಸಿ ಉಳ್ಳಾಗಡ್ಡಿ ಭಜಿ ತಂದು ಮುಂದಿಡುವುದಕ್ಕೂ ಸರಿಹೋಯಿತು. ಅವಳದೇನು ತಪ್ಪು? ಕೂಸು ಮನೆಗೆ ಬಂದ ಖುಷಿಗೆ ಭಜಿ ಅಂದುಕೊಂಡಿದ್ದಳು. ನಮ್ಮ ಬಾಯಲ್ಲಿ ಬೇರಿನ ಬಜಿಯೂ ಎಣ್ಣೆಯ ಭಜಿಯೂ ಒಂದೇ ಹಾಗೆ ಕೇಳುತ್ತವೆ. ಅವಳ ಮರಾಠಿಯಲ್ಲಿ ಆ ಬೇರಿಗೆ ವೇಖಂಡ ಅನ್ನುತ್ತಾರೆ.

ಇದನ್ನೆಲ್ಲ ಈಗ ಹೇಳುತ್ತೇನೆ. ಆಗ ಬಿದ್ದು ಬಿದ್ದು ನಕ್ಕೆ. ನಕ್ಕು ಸುಮ್ಮನಾದೆನೇ? ನೀರಿಗೆ ಹೋದಲ್ಲಿ ಹೇಳಿದೆ, ಗಿರಣಿಯಲ್ಲಿ ಹೇಳಿದೆ. "ಮೂರು ತಿಂಗಳ ಕೂಸಿಗೆ ಉಳ್ಳಾಗಡ್ಡಿ ಭಜಿ!" ಎಂಟು ದಿನದಲ್ಲಿ ಅವಳ ಹೆಸರು ಭಜಿ ಸುಂದರಾ ಆಯಿತು. ಅವಳು ಒಂದು ಮಾತಿಗೆ ಬಾಯಿ ತೆರೆದರೆ ಮುಂದಿನ ಮಾತಿಗೆ ಎಲ್ಲರೂ ನಗಲು ಸಿದ್ಧ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಂದರಾ ಬರಬರುತ್ತ ಹೌದ್ರಿ, ಇಲ್ರಿ ಇಷ್ಟಕ್ಕೇ ನಿಂತಳು. ನಾನು ಗಮನಿಸಲೂ ಇಲ್ಲ. ಸದಾ ಮಾತಾಡುವವರಿಗೆ ಎದುರಿನವರು ಸುಮ್ಮನಾದದ್ದು ತಿಳಿಯುವುದಿಲ್ಲ.

ಕೂಸಿಗೆ ಶೇವಂತಾ ಅಂತ ಹೆಸರಿಟ್ಟೆವು. ನಡೆದಳು, ಓಡಿದಳು, ಮೂರು ವರ್ಷ ತುಂಬಿತು, ಒಂದು ಮಾತೂ ಬರಲಿಲ್ಲ. ಮಿರಜಿನ ಡಾಕ್ಟರು ಕಿವಿ ನೋಡಿ, ನಾಲಿಗೆ ನೋಡಿ, ಎಲ್ಲ ಚಲೋ ಇದೆ, ಕಾಯಿರಿ ಅಂದರು. ಓಣಿಯವರು ಕಾಯುತ್ತಾರೆಯೇ? "ಮೂಕಿ ಏನ?" ಅಂತ ಸುಂದರಾಳ ಎದುರಿಗೇ ಕೇಳುತ್ತಿದ್ದರು. ಅವಳು ಮಗಳನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅತ್ತೆ ದಿನಾ ಮುಂಜಾನೆ ಬಜಿ ತೇಯುವುದನ್ನು ಮತ್ತೆ ಶುರು ಮಾಡಿದಳು. ಸುದ್ದಿ ಕೇಳಿ ಸುಂದರಾಳ ತಾಯಿ ಅಕ್ಕುತಾಯಿಯೂ ಬಂದಳು, ಸೆರಗಿನಲ್ಲಿ ಮಿರಜಿನ ಪೇಟೆಯಿಂದ ತಂದ ವೇಖಂಡದ ಪುಡಿಕೆ. ಹಿತ್ತಲ ಗಿಡ ಮದ್ದಲ್ಲ ಅಂತ ಅವಳ ಲೆಕ್ಕ. ಬೇರು ಅದೇ, ಘಾಟು ಅದೇ, ಇಬ್ಬರಿಗೂ ಗೊತ್ತು, ಒಬ್ಬರೂ ಒಪ್ಪಲಿಲ್ಲ. "ಅಕಿ ವೇಖಂಡ ನನ್ನ ಬಜಿ ಗುಣಾ ಕೆಡಸಾಕತ್ತೈತಿ" ಅಂತ ಅತ್ತೆ, ಈಕೆಯ ಬಜಿಯಿಂದಲೇ ಕೂಸು ಮೂಕಾಗಿದೆ ಅಂತ ಮರಾಠಿಯಲ್ಲಿ ಅಕ್ಕುತಾಯಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಡುವೆ ಸಿಕ್ಕಿದ್ದು ಶೇವಂತಾಳ ನಾಲಿಗೆ.

ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಇನ್ನೊಂದು ಸಲ ತೇಯ್ದು ಹಚ್ಚಿದ್ದರು. ಕೂಸು ಉಂಡದ್ದೆಲ್ಲ ವಾಂತಿ ಮಾಡಿತು. ಸುಂದರಾ ಮಗಳ ಬಾಯಿ ತೊಳೆದು, ಎತ್ತಿಕೊಂಡು ತೋಟದ ಕಡೆ ನಡೆದುಬಿಟ್ಟಳು. ಕೂಸಿಗೆ ಕುಡಿಸಲು ಚರಿಗೆ ನೀರು ಹಿಡಿದು ನಾನು ಹಿಂದೆ ಹೋದೆ.

ದ್ರಾಕ್ಷಿ ಬಳ್ಳಿಯ ನೆರಳಲ್ಲಿ ಇಬ್ಬರೂ ಕೂತಿದ್ದರು, ನನಗೆ ಬೆನ್ನು. ಸುಂದರಾ ಮಾತಾಡುತ್ತಿದ್ದಳು, ಬಂದ ಹೊಸದರಲ್ಲಿ ಆಡುತ್ತಿದ್ದ ಹಾಗೆ, ನಿಲ್ಲಿಸದೆ. ನಡುನಡುವೆ ಇನ್ನೊಂದು ಸಣ್ಣ ದನಿ. ಪಿಸುಪಿಸು, ಆದರೆ ಸ್ಪಷ್ಟ ಮರಾಠಿ. ನೀರು ಬೇಕು, ಇರುವೆ ಕಚ್ಚಿತು, ಅಜ್ಜಿ ಕಹಿ ಕೊಟ್ಟಳು. ಮೂಕಿ ಅನ್ನಿಸಿಕೊಂಡ ಕೂಸು ತಾಯಿಯ ಜೊತೆ ಹರಟೆ ಹೊಡೆಯುತ್ತಿತ್ತು!

ಶೇವಂತಾ ತಿರುಗಿ ನನ್ನನ್ನು ನೋಡಿದಳು. "ಆಯೀ, ಮೋಠೀ ಆಯೀ ಆಲೀ" ಅಂದಳು. ದೊಡ್ಡವ್ವ ಬಂದಳು ಅಂತ. ಸುಂದರಾ ಬೆಚ್ಚಿ ಮಗಳ ಬಾಯಿಯ ಮೇಲೆ ಕೈ ಇಟ್ಟಳು.

"ಗಪ್ಪ ಬಸ್" ಅಂದಳು, ಸುಮ್ಮನಿರು ಅಂತ. ಆಮೇಲೆ ನನ್ನ ಕಡೆ ನೋಡಿ, ಕನ್ನಡಕ್ಕೆ ತಡಕಾಡುತ್ತ, "ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ಶೇವಂತಾಲಾ ಪಣ ನಗ್ತಾರ."

ಶೇವಂತಾಳಿಗೂ ನಗುತ್ತಾರೆ. ಅಷ್ಟೇ ಅವಳು ಅಂದದ್ದು. ಒಂದು ಬೈಗುಳ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಮನೆಯಲ್ಲಿ ಬಾಯಿ ಬಿಡಬಾರದು ಅಂತ ತಾಯಿ ಕಲಿತಳು, ತಾಯಿಯನ್ನು ನೋಡಿ ಮಗಳು ಕಲಿತಳು. ಕಲಿಸಿದವಳು ನಾನು. ಎರಡು ಊರಿನ ಬೇರು ತೇಯ್ದು ಕೂಸಿನ ನಾಲಿಗೆಗೆ ಹಚ್ಚಿದೆವು. ಆದರೆ ಕಟ್ಟಿಹೋಗಿದ್ದು ತಾಯಿಯ ನಾಲಿಗೆ. ನಾಚಿಕೆಯಿಂದ ಸತ್ತೆ. "ಹೇಳೂದಿಲ್ಲವ್ವಾ. ನನ್ನದ ತಪ್ಪ ಐತಿ" ಅಂದು ಚರಿಗೆ ಅಲ್ಲಿಟ್ಟು ಬಂದೆ.

ಮರುದಿನ ಪಡಸಾಲೆಯಲ್ಲಿ ದೀಪದ ಬತ್ತಿ ಹೊಸೆಯುತ್ತ ಕೂತಿದ್ದೆ. ಹತ್ತಿಯ ಬುಟ್ಟಿ ಕಂಬದ ಹತ್ತಿರ, ಶೇವಂತಾಳ ಮಗ್ಗುಲಲ್ಲಿ. ಬೀಗಿತಿಯರಿಬ್ಬರೂ ಆ ಗೋಡೆಗೊಬ್ಬರು ಈ ಗೋಡೆಗೊಬ್ಬರು ಮುಖ ಗಂಟು ಹಾಕಿಕೊಂಡಿದ್ದರು. ಸುಂದರಾ ಜೋಳ ಹಸನು ಮಾಡುತ್ತಿದ್ದಳು. ಅಷ್ಟು ವರ್ಷ ಗಡಿಯ ಕಾಗವಾಡದಲ್ಲಿದ್ದು ನನಗೆ ಮರಾಠಿ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಆದರೆ ಒಂದು ಮಾತೂ ಆಡಿದವಳಲ್ಲ. ತಪ್ಪಿದರೆ ನಗುತ್ತಾರೆ ಅಂತ ನನಗೂ ಭಯವೇ. ಅವತ್ತು ಧೈರ್ಯ ಮಾಡಿ ಎಲ್ಲರೆದುರು ದೊಡ್ಡ ದನಿಯಲ್ಲಿ ಕರೆದೆ.

"ಶೇವಂತಾ, ಮಲಾ ಹತ್ತಿ ದೇ."

ಶೇವಂತಾ ಕಣ್ಣರಳಿಸಿದಳು. ನನ್ನನ್ನು ನೋಡಿದಳು, ಬಾಗಿಲು ನೋಡಿದಳು, ಅಂಗಳದಾಚೆ ಬೀದಿಯನ್ನೂ ನೋಡಿದಳು. ಆಮೇಲೆ ಬುಟ್ಟಿಗೆ ಕೈ ಹಾಕಿ, ಹಿಡಿ ಹತ್ತಿ ಎತ್ತಿ ಹಿಡಿದು ಕಿಲಕಿಲ ನಕ್ಕಳು.

"ಹತ್ತೀ ನಾಹೀ! ಕಾಪೂಸ! ಕಾಪೂಸ!"

ಮರಾಠಿಯಲ್ಲಿ ಹತ್ತೀ ಅಂದರೆ ಆನೆಯಂತೆ. ಪಡಸಾಲೆಯಲ್ಲಿ ಕೂತು ನಾನು ಬತ್ತಿ ಹೊಸೆಯಲು ಆನೆ ಕೇಳಿದ್ದೆ.

ಮೊದಲು ನಕ್ಕವಳು ಅಕ್ಕುತಾಯಿ. ನಗುತ್ತಲೇ ಅಳತೊಡಗಿದಳು. ಅತ್ತೆ ಎದ್ದು ಬಂದು ಕೂಸನ್ನು ಎತ್ತಿಕೊಂಡು, "ನೋಡ್ರಿ, ನನ್ನ ಬಜಿ ಕೆಲಸಾ ಮಾಡಿತು!" ಅಂದಳು. "ಮಾಝ ವೇಖಂಡ!" ಅಂತ ಅಕ್ಕುತಾಯಿ ಅವಳ ಕೈಯಿಂದ ಎಳೆದುಕೊಂಡಳು. ನಾನು ಯಾವುದೂ ಅಲ್ಲ ಅನ್ನಲಿಲ್ಲ. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ.

ಸುಂದರಾ ಮೊರ ಕೆಳಗಿಟ್ಟು ನಗುತ್ತಿದ್ದಳು, ಸೆರಗು ಬಾಯಿಗೆ ಅಡ್ಡ ಹಿಡಿಯದೆ, ದನಿ ಎತ್ತಿ. ನಗು ನಿಂತ ಮೇಲೆ ನನ್ನನ್ನೇ ನೋಡಿದಳು.

"ಅಕ್ಕಾ," ಅಂದಳು, ತಡೆತಡೆದು, ಆದರೆ ಮನೆಮಂದಿಗೆಲ್ಲ ಕೇಳುವ ಹಾಗೆ. "ಕೂಸು ಮಾತಾಡಿತಲ್ರಿ. ಭಜಿ ಮಾಡ್ಲಿ?"

ಮಾಡವ್ವಾ ಅನ್ನಲು ಬಾಯಿ ತೆರೆದೆ. ನನ್ನ ಉದ್ದ ನಾಲಿಗೆ ಏಳಲೇ ಇಲ್ಲ. ಸುಮ್ಮನೆ ಎದ್ದುಹೋಗಿ ಉಳ್ಳಾಗಡ್ಡಿ ಹೆಚ್ಚಲು ಕೂತೆ.