ಎರಡನೇ ಪುಟ

ಗಾಜಿನ ಕೌಂಟರಿಗೆ ಗುದ್ದಿದ ಮೇಲೆಯೇ ಗುರುಮೂರ್ತಿಗೆ ಗೊತ್ತಾಗಿದ್ದು, ಗುದ್ದಿದವನು ತಾನೇ ಎಂದು. ಗಾಜು ಒಡೆಯಲಿಲ್ಲ. ಬೆರಳ ಗಿಣ್ಣು ಉರಿಯಿತು.

"ಇವತ್ತು ಕೊಡ್ತೀಯೋ ಇಲ್ವೋ?"

"ಇವತ್ತು ಆಯುಧ ಪೂಜೆ ಸಾರ್," ಎಂದ ರಿಪೇರಿ ಅಂಗಡಿಯ ಅಭಿಲಾಷ್, ಮುಖ ಎತ್ತದೆ. "ಸ್ಕ್ರೂಡ್ರೈವರ್ ಮುಟ್ಟಂಗಿಲ್ಲ. ನಮ್ಮಜ್ಜಿ ಕೈ ಕಡೀತಾಳೆ."

ಅವನ ಹಿಂದೆ ಸ್ಕ್ರೂಡ್ರೈವರುಗಳೆಲ್ಲ ಬಾಳೆಯೆಲೆಯ ಮೇಲೆ ವಿಭೂತಿ ಬಳಿಸಿಕೊಂಡು ಮಲಗಿದ್ದವು. ಪಕ್ಕದಲ್ಲಿ ಗಿರಾಕಿಗಳ ಲ್ಯಾಪ್‌ಟಾಪುಗಳು, ಒಂದೊಂದರ ಮೇಲೂ ಒಂದು ಸೇವಂತಿಗೆ, ಹೆಣಗಳನ್ನು ಸಾಲಾಗಿ ಇಟ್ಟಂತೆ. ಗೋಡೆಯ ಕಡೆಗಿದ್ದದ್ದು ಗುರುಮೂರ್ತಿಯದು.

"ಒಂದ್ಸಲ ಪಾರ್ಟ್ ಬಂದಿಲ್ಲ ಅಂದೆ. ಆಮೇಲೆ ಕರೆಂಟ್ ಇಲ್ಲ ಅಂದೆ. ಆಮೇಲೆ ನಿಮ್ಮತ್ತೆ ಸತ್ರು. ಈಗ ಪೂಜೆ. ನಾಳೆ ಏನಪ್ಪಾ, ನಿನ್ನ ತಿಥಿನಾ?"

ಅಭಿಲಾಷ್ ತುಟಿ ಕಚ್ಚಿಕೊಂಡ. ಗುರುಮೂರ್ತಿಯ ಎದೆ ಹಗುರಾಯಿತು. ಇವತ್ತೂ ಸಿಗುವುದಿಲ್ಲ. ಅಜ್ಜಂಪುರದ ಬಸ್ಸು ಹತ್ತಿ ಮನೆಗೆ ಹೋಗಿ, ಹೆಂಡತಿಯ ಮುಂದೆ ಈ ಅಯೋಗ್ಯನನ್ನು ಬೈಯುತ್ತ ಹೋಳಿಗೆ ತಿನ್ನಬಹುದು.

ತರೀಕೆರೆಯ ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕ. ತಲೆ ನರೆತರೂ ಅತಿಥಿ. ಮಾವ ಷಣ್ಮುಖಪ್ಪನಿಗೆ ಕಡೂರಿನ ಇದೇ ಬೀದಿಯಲ್ಲಿ ಕೊಬ್ಬರಿ ಮಂಡಿ, ಮಠದಲ್ಲಿ ಮಾತು ನಡೆಯುತ್ತಿತ್ತು. ಅಳಿಯ ಪಿಎಚ್.ಡಿ. ಪ್ರಬಂಧ ಒಪ್ಪಿಸಿದ ದಿನವೇ ಮಠದ ಕಾಲೇಜಿನಲ್ಲಿ ಖಾಯಂ ನೌಕರಿ ಎಂದು ಸ್ವಾಮಿ ಬುದ್ಧಿಯವರ ಬಾಯಲ್ಲಿ ಹೇಳಿಸಿಕೊಂಡು ಬಂದಿದ್ದ. ಅಳಿಯ ಕಾಲಿಗೆ ಬಿದ್ದು, "ಬರೆದು ಮುಗೀತು ಮಾವ, ಎಲ್ಲ ಲ್ಯಾಪ್‌ಟಾಪಲ್ಲಿದೆ" ಎಂದಿದ್ದ.

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದು ಪುಟ. ಮೇಲೆ 'ಕಡೂರು ಸೀಮೆಯ ವೀರಗಲ್ಲುಗಳು', ನಡುವೆ ಅವನ ಹೆಸರು, ಕೆಳಗೆ 'ಪೀಠಿಕೆ'. ಅಲ್ಲಿಗೆ ನಿಂತಿತ್ತು. ಪ್ರತಿ ರಾತ್ರಿ ಬಾಗಿಲು ಹಾಕಿಕೊಂಡು ಅದರ ಮುಂದೆ ಕೂರುತ್ತಿದ್ದ. ಹೊರಗೆ ಹೆಂಡತಿ ಸುಮನಾ ಟೀವಿಯ ಸದ್ದು ಕಮ್ಮಿ ಮಾಡುತ್ತಿದ್ದಳು. ಆ ಕಮ್ಮಿಯಾದ ಸದ್ದೇ ಅವನಿಗೆ ಹೆಚ್ಚು ಕೇಳುತ್ತಿತ್ತು.

ಬೇಸಿಗೆಯಲ್ಲಿ ಒಂದು ದಿನ ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿತು. ಚೆಲ್ಲಿತೋ, ಚೆಲ್ಲಿದನೋ, ಅವನಿಗೇ ಖಾತ್ರಿಯಿಲ್ಲ. ರಿಪೇರಿಗೆ ಕೊಟ್ಟ ದಿನದಿಂದ ನಿದ್ದೆ ಹತ್ತಿತು. ವಾರಕ್ಕೊಮ್ಮೆ ಅಂಗಡಿಗೆ ಫೋನು ಮಾಡಿ, ಅಡಿಗೆಮನೆಗೆ ಕೇಳುವಂತೆ ಅರಚುತ್ತಿದ್ದ. ಸುಮನಾ ನೀರು ತಂದುಕೊಟ್ಟು, "ಬಿಪಿ ಏರಿಸ್ಕೋಬೇಡಿ ಕಣ್ರೀ" ಎನ್ನುತ್ತಿದ್ದಳು.

"ಏನ್ ಡಾಕ್ಟ್ರೇ, ನಿಮ್ಮ ಗಂಟಲು ಮಂಡಿವರೆಗೂ ಕೇಳ್ತಾ ಐತೆ!"

ಷಣ್ಮುಖಪ್ಪ ಮೆಟ್ಟಿಲು ಹತ್ತಿದ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಡೆಯುವುದಕ್ಕೆಂದು ತಂದ ಬೂದುಗುಂಬಳ. ಹಿಂದೆ ಮಂಡಿಯ ಹಮಾಲಿ ಸಣ್ಣಬೀರಪ್ಪ, ಬಾಗಿಲಷ್ಟು ಅಗಲದ ಆಳು.

"ಏನೂ ಇಲ್ಲ ಮಾವ. ಹಬ್ಬದ ದಿನ ಬಿಚ್ಚಂಗಿಲ್ಲವಂತೆ. ಶಾಸ್ತ್ರ. ನಡೀರಿ ಹೋಗೋಣ."

"ಶಾಸ್ತ್ರ ನಂಗೆ ಹೇಳ್ತೀರಾ?" ಷಣ್ಮುಖಪ್ಪ ಅಭಿಲಾಷನ ಕಡೆ ತಿರುಗಿದ. "ಬಿಚ್ಚೋದು ಬೇಡ ಕಣ್ಲಾ ತಮ್ಮಾ. ಆದಷ್ಟು ಆಗೈತೆ, ಹಂಗೇ ಕೊಡು. ಬೆಂಗಳೂರಲ್ಲಿ ತೋರಿಸ್ತೀವಿ."

"ಬೇಡ ಮಾವ," ಎಂದ ಗುರುಮೂರ್ತಿ.

"ಬೇಡ ಯಜಮಾನ್ರೇ," ಎಂದ ಅಭಿಲಾಷ್.

ಇಬ್ಬರ ದನಿಯೂ ಒಂದೇ ಆಗಿತ್ತು. ಗುರುಮೂರ್ತಿ ಮೊದಲ ಸಲ ಆ ರಿಪೇರಿಯವನ ಮುಖವನ್ನು ನೆಟ್ಟಗೆ ನೋಡಿದ. ಕಣ್ಣುಗಳು ಕೆಂಪಾಗಿದ್ದವು. ಅವನೂ ಏನನ್ನೋ ಬಚ್ಚಿಟ್ಟಿದ್ದ.

"ಮಿಷನ್ನು ಯಾವತ್ತೋ ರೆಡಿ ಆಗೈತೆ ಸಾರ್," ಎಂದ ಅಭಿಲಾಷ್ ನಿಧಾನವಾಗಿ. "ಸುಳ್ಳು ಹೇಳ್ದೆ. ನಮ್ಮತ್ತೆ ಸತ್ತಿಲ್ಲ. ಕೊಡೋವಾಗ ನೀವು ಹೇಳಿದ್ರಲ್ಲ, ಜೀವನದ ಕೆಲಸ ಇದರಾಗೈತೆ, ಒಂದ್ ಪುಟ ಹೋದ್ರೂ ನಿನ್ನ ಬಿಡಲ್ಲ ಅಂತ. ಒಂದೇ ಪುಟ ಬಂತು ಸಾರ್. ಉಳಿದಿದ್ದು ಬರ್ತಾನೇ ಇಲ್ಲ. ಇರೋ ಬರೋ ಸಾಫ್ಟ್‌ವೇರ್ ಎಲ್ಲ ಹಾಕ್ದೆ. ತರೀಕೆರೆ ಹುಡುಗರ ಹತ್ರ ತಗೊಂಡೋದೆ. ಅದಕ್ಕೇ ಇಷ್ಟು ದಿನ ಸತಾಯಿಸಿದ್ದು. ನನ್ನ ಕೈಲೇ ಹೋಯ್ತು."

ಲ್ಯಾಪ್‌ಟಾಪನ್ನು ತಂದು ಕೌಂಟರಿನ ಮೇಲೆ ತೆರೆದಿಟ್ಟ. ಬೆಳಕು ಬಂತು. ವೀರಗಲ್ಲುಗಳು. ಹೆಸರು. ಪೀಠಿಕೆ.

ಷಣ್ಮುಖಪ್ಪ ಕುಂಬಳಕಾಯಿಯನ್ನು ಕೆಳಗಿಟ್ಟು ಅಳಿಯನ ಕಡೆ ತಿರುಗಿದ. ಸ್ವಂತ ಮಗು ಸತ್ತಂತೆ ನೋಡುತ್ತಿದ್ದ.

'ಇದ್ದದ್ದೇ ಅಷ್ಟು.' ಹೇಳಬೇಕಾದ್ದು ಎರಡೇ ಮಾತು. ಬಾಯಿ ತೆರೆಯುವ ಬದಲು ಗುರುಮೂರ್ತಿ ಕೈ ಎತ್ತಿದ.

ಕೆನ್ನೆಗೆ ಬಿದ್ದ ಸದ್ದು ಅಂಗಡಿಯ ತಗಡಿಗೆ ತಾಗಿ ವಾಪಸು ಬಂತು. ಮೊದಲ ಏಟು ಬೇಕಾಗಿತ್ತು. ಎರಡನೆಯದು ರುಚಿಯಾಗಿತ್ತು. ಮೂರನೆಯದನ್ನು ಅವನು ಮುಷ್ಟಿ ಕಟ್ಟಿ ಮೂಗಿಗೇ ಗುದ್ದಿದ. ಮೂಳೆ ಲಟಕ್ಕೆಂದಿತು.

"ಕೊಂದ್ಬಿಟ್ಯಲ್ಲೋ ಬೋಳಿಮಗನೇ!" ಷಣ್ಮುಖಪ್ಪ ಚಪ್ಪಲಿ ಕಿತ್ತು ಬಾರಿಸಿದ. "ನನ್ನ ಅಳಿಯ ನಿದ್ದೆಗೆಟ್ಟು ಬರೆದಿದ್ದು ಕಣೋ! ನನ್ನ ಮಗಳು ಟೀವಿ ಸದ್ದು ಸೈತ ಮಾಡ್ದೆ ಕಾದವಳೆ!"

ಸಣ್ಣಬೀರಪ್ಪ ಕೌಂಟರ್ ದಾಟಿ ಹೋಗಿ ಕುತ್ತಿಗೆ ಅಮುಕಿ ಹಿಡಿದ. ಬೀದಿಯ ಜನ ಬಾಗಿಲಲ್ಲಿ ತುಂಬಿದರು. ಏನು, ಏನಂತೆ ಎಂದು ಕೇಳಿದವರಿಗೆ ಯಾರೋ, "ಮೇಷ್ಟ್ರು ಬರೆದ ಪುಸ್ತಕ ಅಳಿಸಿಬಿಟ್ನಂತೆ" ಎಂದರು. "ಹಂಗಾದ್ರೆ ಇಕ್ರಲಾ" ಎಂದ ಇನ್ನೊಬ್ಬ.

"ಹೊಡೀರಿ ಸಾರ್," ಎಂದ ಅಭಿಲಾಷ್, ಕೈ ಅಡ್ಡ ತರದೆ. "ತಪ್ಪು ನನ್ನದೇ."

ಗುರುಮೂರ್ತಿ ಅದಕ್ಕಾಗಿ ಅವನನ್ನು ಇನ್ನೊಮ್ಮೆ ಹೊಡೆದ.

ಅಭಿಲಾಷ್ ಕೌಂಟರಿನ ಮೇಲೆ ಬಗ್ಗಿದ. ಮೂಗಿನ ರಕ್ತ ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ಆ ಸ್ಥಿತಿಯಲ್ಲೂ ಅವನಿಗೆ ಮಿಷನ್ನಿನ ಚಿಂತೆ. ಅಂಗಿಯ ತುದಿ ಎಳೆದು ಕೀಗಳನ್ನು ಒರೆಸತೊಡಗಿದ. ಒಂದು ಕೀ ಒತ್ತಿಕೊಂಡು ಅಲ್ಲೇ ಕಚ್ಚಿ ಕೂತಿತು.

ಪೀಠಿಕೆಯ ಕೆಳಗೆ ಒಂದು 'ಕ' ಅಕ್ಷರ ಮೂಡಿತು. ಮತ್ತೊಂದು. ಸಾಲು ತುಂಬಿತು. ಸಾಲಿನ ಕೆಳಗೆ ಸಾಲು.

ಕನ್ನಡಕವಿಲ್ಲದ ಷಣ್ಮುಖಪ್ಪ ಚಪ್ಪಲಿ ಹಿಡಿದ ಕೈಯನ್ನು ಇಳಿಸಿದ. ಬಗ್ಗಿ ನೋಡಿದ.

"ಲೇ... ಬತ್ತಾ ಐತೆ ಕಣ್ರಲಾ! ಬತ್ತಾ ಐತೆ! ಡಾಕ್ಟ್ರೇ, ನೋಡ್ರಿ!"

ಅಭಿಲಾಷ್ ಏನೋ ಹೇಳಲು ಹೋದ. ಬಾಯಲ್ಲಿ ರಕ್ತ ಗುಳ್ಳೆಯೆದ್ದಿತು. ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

"ತೆಗೀಬ್ಯಾಡ!" ಸಣ್ಣಬೀರಪ್ಪ ಅವನ ಕೈಯನ್ನು ತನ್ನ ಅಂಗೈಯಡಿ ಹಾಕಿ ಕೀಬೋರ್ಡಿಗೆ ಅದುಮಿ ಹಿಡಿದ. "ಅಣ್ಣಾರ್ದು ಪೂರ್ತಿ ಬರ್ಲಿ."

ಬೆರಳು ಮುರಿದ ಸದ್ದಾಯಿತು. ಷಣ್ಮುಖಪ್ಪ ಕೈ ಮುಗಿದ.

ಗುರುಮೂರ್ತಿ ಪರದೆಯ ಮುಂದೆ ನಿಂತಿದ್ದ. ಎರಡನೇ ಪುಟ ತುದಿಯವರೆಗೆ ತುಂಬಿತು. ಮೂರನೆಯದು ಬೆಳ್ಳಗೆ ತೆರೆದುಕೊಂಡಿತು.