ಹಲ್ಲಿನ ಗುರುತಿರುವ ಬಿದಿರುಕೋಲು

ನಾನೊಂದು ಬಿದಿರುಕೋಲು. ಹುಟ್ಟಿದ್ದು ಜಲಪಾತದ ಉದ್ಯಾನದ ಹಿಂದಿನ ಮೆಳೆಯಲ್ಲಿ. ಗೇಟು ಕಾಯುವ ಹುಸೇನಬಿ ನನ್ನನ್ನು ಕಡಿದು, ಬೆಂಕಿಗೆ ಹಿಡಿದು ಡೊಂಕು ತಿದ್ದಿ, ಹಳೆಯ ಡ್ರಮ್ಮಿನಲ್ಲಿ ನಿಲ್ಲಿಸಿದಳು. ಕಾಡಿನ ಕಾಲುದಾರಿ ಜಾರುತ್ತದೆಂದು ಬಂದವರು ಒಂದೊಂದು ಕೋಲು ಹಿಡಿದು ಹೋಗುವರು, ಮರಳಿ ತಂದಿಡುವರು. ಕೆಲವರು ನನ್ನನ್ನು ಊರಿ ನಡೆದರು, ಕೆಲವರು ಮಂಗ ಓಡಿಸಿದರು, ಒಬ್ಬ ಮಹಾಶಯ ಬಂದೂಕಿನಂತೆ ಹೆಗಲಿಗೇರಿಸಿ ಫೋಟೊ ತೆಗೆಸಿಕೊಂಡ. ನೀರು ಕಂಡೊಡನೆ ಎಲ್ಲರೂ ಬಾಯಿ ಬಿಡುತ್ತಿದ್ದರು. ನಾನು ಮಾತ್ರ ಅವರ ಚಪ್ಪಲಿ ನೋಡುತ್ತಾ ನಿಲ್ಲುತ್ತಿದ್ದೆ.

ಒಂದು ದಿನ ಬನಹಟ್ಟಿಯ ನೇಕಾರ ಈರಸಂಗಪ್ಪನ ಕೈಗೆ ಬಂದೆ. ಮಗ್ಗಗಳ ಗದ್ದಲದಲ್ಲಿ ದುಡಿದೂ ದುಡಿದೂ ಅವನ ಕಿವಿ ಪೂರ್ತಿ ಹೋಗಿತ್ತು.

"ಮದಿವ್ಯಾದ ಹೊಸದರಾಗ ಇಲ್ಲಿಗೆ ಬಂದಿದ್ವಿ. ಆ ನೀರಿನ ಸಪ್ಪಳ ಇನ್ನೊಮ್ಮೆ ಕೇಳಬೇಕಂತ ಇವರಿಗೆ ಭಾಳ ಆಸೆ ಐತ್ರೀ. ಬಾಯಿ ಬಿಟ್ಟು ಹೇಳಂಗಿಲ್ಲ," ಎಂದು ಅವನ ಹೆಂಡತಿ ದಾನಮ್ಮ ಹುಸೇನಬಿಯ ಮುಂದೆ ಕಣ್ಣು ಒರೆಸಿಕೊಂಡಳು.

ಕಾಡು ಮುಗಿದು ಬಂಡೆಯ ಮೇಲೆ ಬಂದರು. ಎದುರಿಗೇ ನೀರು ಬೆಳ್ಳಗೆ ಮುರಿದು ಬೀಳುತ್ತಿತ್ತು. ಈರಸಂಗಪ್ಪ ಒಂದು ಗಳಿಗೆ ನೋಡಿದ. ಅವನ ಮುಖ ಬಾಡಿತು.

"ಸಪ್ಪಳಿಲ್ಲದ ನೀರು ಏನ್ ನೋಡೂದು? ನಡಿ, ಹೋಗೂಣು."

ದಾನಮ್ಮ ಅವನ ತೋಳು ಬಿಡಲಿಲ್ಲ. ಕಿವಿ ಹೋದ ಮೇಲೂ ಮಗ್ಗ ಕೆಟ್ಟಾಗ ಅವನು ಕಬ್ಬಿಣದ ಸರಳಿನ ಒಂದು ತುದಿ ಯಂತ್ರಕ್ಕೆ ಹಚ್ಚಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಒಳಗಿನ ದೋಷ ಹಿಡಿಯುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ನನ್ನನ್ನು ಕಸಿದುಕೊಂಡು ಬಂಡೆಗೆ ಊರಿದಳು. ತನ್ನ ಹಲ್ಲು ತೋರಿಸಿ ಸನ್ನೆ ಮಾಡಿದಳು. ಅವನು ಯಾರಾದರೂ ನೋಡುತ್ತಾರೇನೋ ಎಂದು ಸುತ್ತ ಕಣ್ಣಾಡಿಸಿ, ಬಗ್ಗಿ ನನ್ನ ತಲೆ ಕಚ್ಚಿದ.

ಅಬ್ಬಾ! ಬಂಡೆಯೊಳಗಿಂದ ಆ ನೀರೆಲ್ಲ ನನ್ನ ಕಾಲಿಗೆ ಬಂತು. ಗಿಣ್ಣಿನಿಂದ ಗಿಣ್ಣಿಗೆ ಏರಿ ಅವನ ಹಲ್ಲಿಗೆ ಮುಟ್ಟಿತು. ನಾನು ನಖಶಿಖಾಂತ ನಡುಗಿದೆ.

"ಏ ದಾನಿ! ತಲಿಯೊಳಗ ಗುಡುಗಾಕತ್ತೈತಿ!" ಎಂದು ಕೂಗಿದ. ಕೂಗಲು ಬಾಯಿ ಬಿಟ್ಟೊಡನೆ ಸದ್ದು ನಿಂತಿತು. ಗಾಬರಿಯಾಗಿ ಮತ್ತೆ ಕಚ್ಚಿದ. ಆಮೇಲೆ, "ನೀನೂ ಕಚ್ಚಿ ನೋಡು," ಎಂದು ಹೆಂಡತಿಗೂ ಕೊಟ್ಟ. ಕಿವಿ ನೆಟ್ಟಗಿದ್ದ ದಾನಮ್ಮ ಕಣ್ಣು ಮುಚ್ಚಿ ಕಚ್ಚಿದಳು, ಅತ್ತಳು.

ಈಗ ನನ್ನ ಮೈ ಸೀಳಿದೆ. ಹುಸೇನಬಿ ಗೇಟಿನ ಹಿಂದೆ ಅವರೆಬಳ್ಳಿಗೆ ಆಸರೆಯಾಗಿ ನನ್ನನ್ನು ನೆಟ್ಟಿದ್ದಾಳೆ. ನೀರು ಇಲ್ಲಿಂದ ಕಾಣುವುದಿಲ್ಲ. ಆದರೂ ಅದರ ಗುಡುಗು ನೆಲದೊಳಗಿಂದ ಹಗಲಿರುಳು ಬರುತ್ತಲೇ ಇರುತ್ತದೆ. ಅಷ್ಟು ವರ್ಷ ಅದು ನನ್ನ ಕಾಲಡಿಯಲ್ಲೇ ಇತ್ತು. ನನಗದನ್ನು ಕೇಳಿಸಲು ಒಬ್ಬ ಕಿವುಡ ಬರಬೇಕಾಯಿತು.